ಸದಸ್ಯರ ಹುಡುಕಾಟ: ಬಳಕೆಯ ಟಿಪ್ಪಣಿ

ನವನಗರದ ಸೆಕ್ಟರ್ ನಲವತ್ತೇಳರಾಗ
ಪತ್ತಿನ ಸಹಕಾರಿ ಸಂಘದ ಮ್ಯಾಲಿನ ಖೋಲಿ.
ಫ್ಯಾನ್ ಹಚ್ಚಿದರ ಪಾಸ್‌ಬುಕ್ಕಿನ ಹಾಳಿ ಹಾರ್ತಾವ,
ಆರಿಸಿದರ ನಾನು ಬೇಯ್ತೀನಿ.
ಇಲ್ಲಿ ಕುಂತು ಬರಿಯಾಕ ಹತ್ತೀನಿ
ಯಾವತ್ತೂ ಬಾಗಲಕೋಟಿಗೆ ಬರದ ಒಬ್ಬಗ.
ಒಬ್ಬಗ ಅನ್ನಲೋ, ಒಂದಕ್ಕ ಅನ್ನಲೋ,
ಅದನ್ನ ಆಮ್ಯಾಲೆ ನೋಡೂಣು.
ಅದಕ್ಕ ಕಣ್ಣಿಲ್ಲ. ನಾ ಬರೆದದ್ದ ಅದರ ಕಣ್ಣು.

ಈ ಎಪಿಐ ಏನು ಮಾಡುತ್ತದೆ:
ಹೆಸರು ಕೊಟ್ಟರೆ ಸದಸ್ಯರ ವಿವರ ಕೊಡುತ್ತದೆ.

ಒಂದ ಸಾಲಿನಾಗ ಮುಗೀತು
ಕ್ಯಾಷಿಯರ್ ಗದಿಗೆಪ್ಪಣ್ಣನ ಮೂವತ್ತೊಂದು ವರ್ಷ.
ಕನ್ನಡಕ ಹಣಿಗೆ ಏರಿಸಿ
"ಯಾರ ಪೈಕಿ ನೀ?" ಅಂತ ಒಂದ ಮಾತು ಕೇಳಿ
ಲೆಡ್ಜರಿನ ಅದೇ ಪುಟ ತೆರೀತಾನ.
"ಯಾರ ಪೈಕಿ" ಅನ್ನೂದಕ್ಕ ನನ್ನ ಹತ್ರ ಕಾಲಂ ಇಲ್ಲ.

ಎಚ್ಚರಿಕೆ:
ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ, ಉಪ್ಪಿನ,
ಇದು ಕಿರಾಣಿ ಚೀಟಿಯಲ್ಲ. ಅಡ್ಡಹೆಸರುಗಳು.

ಮೊದಲ ಪರೀಕ್ಷಾದಾಗ ಏಜೆಂಟನ್ನ ಕೇಳಿದ್ವಿ
ಫಕೀರಪ್ಪ ಉಳ್ಳಾಗಡ್ಡಿ ಅವರ ಕಂತು ಎಷ್ಟು ಬಾಕಿ ಅಂತ.
ಕ್ವಿಂಟಲಿಗೆ ಇವತ್ತಿನ ದರ ಹೇಳಿತು.
ಎಲ್ಲಾರೂ ನಕ್ವಿ. ಗದಿಗೆಪ್ಪಣ್ಣ ನಗಲಿಲ್ಲ,
"ದರಾ ಬರೋಬ್ಬರಿ ಐತೇನು ನೋಡ್ರಿ" ಅಂದ.

ಹುಟ್ಟಿದ ತಾರೀಖಿನಿಂದ ಹುಡುಕಬೇಡ.
ಅರ್ಧ ಊರು ಜೂನ್ ಒಂದಕ್ಕೆ ಹುಟ್ಟಿದೆ,
ಸಾಲಿ ಮಾಸ್ತರರ ಕೃಪೆ.

ಫೋನ್ ನಂಬರನ್ನು ಗುರುತು ಎಂದು ಹಿಡಿಯಬೇಡ.
ಒಂದು ನಂಬರಿನ ಹಿಂದೆ ನಾಲ್ವರು ಹೆಣ್ಣುಮಕ್ಕಳು,
ಎತ್ತುವವ ಮಾತ್ರ ಒಬ್ಬ ಗಂಡಸು.
ಅವರ ಉಳಿತಾಯದ ಮಾತು ಅವನ ಮುಂದೆ ಆಡಬೇಡ.
(ಮ್ಯಾನೇಜರ್ ಸಾಹೇಬ್ರು ಇದನ್ನ ಅಳಸಂದ್ರು. ಅಳಿಸಿದೆ.
ಅವರು ಮನಿಗೆ ಹೋದ ಮ್ಯಾಲೆ ಮತ್ತ ಬರೆದೆ.)

ಸ್ಥಿತಿ, ನಿಷ್ಕ್ರಿಯ:
ಸತ್ತವರೂ ಇದರಲ್ಲೇ. ಸಿಟ್ಟಾಗಿ ಬರುವುದು ಬಿಟ್ಟವರೂ ಇದರಲ್ಲೇ.

ಒಂದಕ್ಕಿಂತ ಹೆಚ್ಚು ಮಂದಿ ಸಿಕ್ಕರೆ, ಕೇಳು.
ಯಾರೂ ಸಿಗದಿದ್ದರೆ, ಸಿಗಲಿಲ್ಲ ಅನ್ನು.

ಈ ಎರಡು ಸಾಲಿಗೆ ಎರಡು ದಿನ ಹಿಡೀತು.
ಅದಕ್ಕ ನಾಚಿಕಿ ಅನ್ನೂದು ಇಲ್ಲ,
ಆದರೂ "ಗೊತ್ತಿಲ್ಲ" ಅನ್ನಾಕ ಯಾಕಷ್ಟು ಒದ್ದಾಡತೈತೋ.
ಇಲ್ಲದ ಮನಿಗೆ ಬಾಗಿಲು ಹಚ್ಚಿ,
ಬಾಗಿಲಿಗೆ ನಂಬರ್ ಬರೆದು,
ಒಳಗ ಒಬ್ಬರನ್ನ ಕುಂಡ್ರಿಸಿ ಬಿಡತೈತಿ.

ಉದಾಹರಣಿ ಬೇಕಿತ್ತು. ಮಂದಿ ಹೆಸರು ಹಾಕುವಂಗಿಲ್ಲ,
ನನ್ನದ ಹಾಕಿದೆ: ಕಸ್ತೂರಿ.
ಹನ್ನೆರಡು ಕಸ್ತೂರಿಯರು ಬಂದರು.
ಅದರಾಗ ಇಬ್ಬರು ನಾನ.

ಕಸ್ತೂರಿ ಜವಳಿ, ಸೆಕ್ಟರ್ ಇಪ್ಪತ್ತೊಂದು, ಸಕ್ರಿಯ.
ಕಸ್ತೂರಿ ಹುಣಸಿಮರದ, ಹಳೇ ಊರು, ಕೆಳಗಿನ ಓಣಿ,
ಮನೆ ನಂಬರ್ ನೂರಾ ಹನ್ನೆರಡು, ನಿಷ್ಕ್ರಿಯ,
ಜಮಾ ನಲವತ್ತೊಂದು ರೂಪಾಯಿ.

ಅಪ್ಪ ದಿನಾ ಎಂಟಾಣೆ ತುಂಬತಿದ್ದ ಪಿಗ್ಮಿ ಅದು.
ಆ ಓಣಿ ಮ್ಯಾಲೆ ಈಗ ಹಿನ್ನೀರು.
ಬ್ಯಾಸಗ್ಯಾಗ ಇಳಿದರ ಹೊಸ್ತಿಲಿನ ಕಲ್ಲು ಕಾಣ್ತದ,
ಬೆಳ್ಳಕ್ಕಿ ಕುಂತಿರ್ತಾವ, ಯಾರ ಪೈಕಿಯೋ.

"ಎರಡೂ ಕೂಡಿಸಿ ಒಂದ ಮಾಡ್ಲೇನ್ರಿ ಮೇಡಂ?"
ಬಾಜೂ ಕುಂತ ದಾದಾಪೀರ ಕೇಳಿದ.
"ಒಂದ ಬಟನ್ ಐತಿ."
ತಡಿ ಅಂದೆ.

ತಿಳಿದಿರುವ ದೋಷಗಳು:
ಒಬ್ಬರೇ ಇಬ್ಬರಾಗಿ ಕಾಣಬಹುದು.
ವಿಳಾಸ ನೀರಿನೊಳಗಿದ್ದರೆ ನೋಟಿಸು ಕಳಿಸಬೇಡ.
ಕೂಡಿಸುವ ಮೊದಲು ಇಬ್ಬರನ್ನೂ ಕೇಳು.

ಇಷ್ಟು ಬರೆದು ಉಳಿಸಿದೆ.
ದಾದಾಪೀರ ಇನ್ನೂ ಬಟನ್ ಮ್ಯಾಲೆ ಬೆರಳಿಟ್ಟು ಕುಂತಾನ.
ಕೆಳಗ ಗದಿಗೆಪ್ಪಣ್ಣ
ನಲವತ್ತೊಂದು ರೂಪಾಯಿಗೆ ಇಷ್ಟು ವರ್ಷದ ಬಡ್ಡಿ
ಬಾಯಿಲೆ ಲೆಕ್ಕಾ ಹಾಕಾಕ ಹತ್ಯಾನ,
ಪೂರಾ ಓಣಿಗೇ ಕೇಳೂವಂಗ.